ಗಂಡು ಮೀನಿನೊಳಗೆ ಮೊಟ್ಟೆಯ ಹಳದಿ

ತೇರದಾಳ, ರಬಕವಿ, ಬನಹಟ್ಟಿ ಕಡೆಯವರಿಗೆ ಹೊಳೆ ಎಂದರೆ ಕೃಷ್ಣೆ. ಹಿಪ್ಪರಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಬದುಕುವ ಮೀನುಗಳನ್ನು ನೆನಪಿನಲ್ಲಿಟ್ಟುಕೊಂಡೇ ಇವತ್ತಿನ ಮಾತು.

ಶಾಂಪೂ, ಮುಖಕ್ಕೆ ಹಚ್ಚುವ ಕ್ರೀಮು, ಔಷಧಿಯ ಸಿರಪ್ಪು ಬಾಟಲಿ ತೆರೆದು ತಿಂಗಳಾದರೂ ಬೂಸ್ಟು ಹಿಡಿಯುವುದಿಲ್ಲ. ಹಲವುಗಳಲ್ಲಿ ಇದಕ್ಕೆ ಕಾರಣ ಪ್ಯಾರಾಬೆನ್ ಎಂಬ ಸಂರಕ್ಷಕಗಳು. ಲೇಬಲ್ಲಿನಲ್ಲಿ ಮಿಥೈಲ್ ಪ್ಯಾರಾಬೆನ್, ಪ್ರೊಪೈಲ್ ಪ್ಯಾರಾಬೆನ್ ಎಂದು ಬರೆದಿರುತ್ತದೆ. ಬಚ್ಚಲಿನಿಂದ ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಇವು ಸಾಗುತ್ತವೆ. ತಮಿಳುನಾಡಿನಲ್ಲಿ ಹರಿಯುವ ಕಾವೇರಿಯ ನೀರಿನಲ್ಲಿ ಪ್ಯಾರಾಬೆನ್ ಇರುವುದನ್ನು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಮೀನಿಗೆ ಇದರಿಂದ ಏನು? ಹೆಣ್ಣು ಮೀನಿನ ಅಂಡಾಶಯ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಯಕೃತ್ತಿನ ಜೀವಕೋಶಗಳೊಳಗಿನ ಗ್ರಾಹಕ ಅದನ್ನು ಹಿಡಿದುಕೊಂಡ ಕೂಡಲೇ ವೈಟೆಲ್ಲೊಜೆನಿನ್ ಎಂಬ ಪ್ರೋಟೀನು ತಯಾರಾಗತೊಡಗುತ್ತದೆ. ಮೊಟ್ಟೆಯ ಹಳದಿ ಆಗುವುದು ಇದರಿಂದಲೇ. ಇದನ್ನು ತಯಾರಿಸುವ ವಂಶವಾಹಿ ಗಂಡಿನಲ್ಲೂ ಇದೆ, ಈಸ್ಟ್ರೋಜನ್ ಸಾಲದೆ ಸುಮ್ಮನಿರುತ್ತದೆ ಅಷ್ಟೆ. ಪ್ಯಾರಾಬೆನ್ ಹೋಗಿ ಅದೇ ಗ್ರಾಹಕಕ್ಕೆ ಅಂಟಿಕೊಂಡರೆ ಗಂಡಿನ ಯಕೃತ್ತೂ ಬೇಡದ ಆ ಕೆಲಸಕ್ಕೆ ಇಳಿಯುತ್ತದೆ. ಜಪಾನಿನ ಸಂಶೋಧಕರು ಮೆಡಾಕಾ ಎಂಬ ಪುಟ್ಟ ಮೀನಿನ ಗಂಡುಗಳಲ್ಲಿ ಇದನ್ನು ಕಂಡು 2003ರಲ್ಲಿ ವರದಿ ಮಾಡಿದರು.

ಒಂದು ಮಾತು ಸ್ಪಷ್ಟವಾಗಿರಲಿ. ಮೈಯ ಸ್ವಂತ ಈಸ್ಟ್ರೋಜನ್ನಿನ ಮುಂದೆ ಪ್ಯಾರಾಬೆನ್ ಸಾವಿರಾರು ಪಟ್ಟು ದುರ್ಬಲ. ಪ್ರಯೋಗದ ತೊಟ್ಟಿಗೆ ಬೆರೆಸುವ ಪ್ರಮಾಣವೂ ಸಾಮಾನ್ಯವಾಗಿ ಹೊಳೆಯಲ್ಲಿ ಸಿಗುವುದಕ್ಕಿಂತ ಬಹಳ ಹೆಚ್ಚು. ಆದರೂ ನನಗೆ ಸಮಾಧಾನವಿಲ್ಲ. ಹೊಳೆಯ ಮೀನಿಗೆ ತಾಗುವುದು ಇದೊಂದೇ ಅಲ್ಲ. ಮನುಷ್ಯರ ಮೂತ್ರದಲ್ಲಿನ ಹಾರ್ಮೋನು, ಗರ್ಭನಿರೋಧಕ ಗುಳಿಗೆಯ ಉಳಿಕೆ, ಕೆಲವು ಮಾರ್ಜಕಗಳು ಒಡೆದು ಉಳಿಯುವ ವಸ್ತುಗಳು, ಎಲ್ಲವೂ ಅದೇ ಗ್ರಾಹಕಕ್ಕೆ ಅಂಟುತ್ತವೆ. ಕೆನಡಾದ ಒಂದು ಸರೋವರಕ್ಕೆ 2001ರಿಂದ 2003ರವರೆಗೆ ಗುಳಿಗೆಯ ಹಾರ್ಮೋನನ್ನು ಲೀಟರಿಗೆ 5–6 ನ್ಯಾನೊಗ್ರಾಂ ಇರುವಂತೆ ಬೆರೆಸಿ ನೋಡಿದರು. ಅಲ್ಲಿದ್ದ ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನಿನ ಸಂತತಿ ಅಳಿವಿನ ಅಂಚಿಗೆ ಬಂತು. ನ್ಯಾನೊಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು!

ಪ್ಯಾರಾಬೆನ್ ಹಟಮಾರಿ ವಸ್ತುವಲ್ಲ. ಸರಿಯಾಗಿ ನಡೆಯುವ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಬ್ಯಾಕ್ಟೀರಿಯಾಗಳು ಅದರ ಬಹುಪಾಲನ್ನು ಒಡೆದುಹಾಕುತ್ತವೆ. ಹಾಗಾಗಿ ಶಾಂಪೂ ಬಿಡಿ ಎಂದು ನಾನು ಹೇಳುವುದಿಲ್ಲ. ನಮ್ಮ ಓಣಿಯ ಗಟಾರ ಕೊನೆಗೆ ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ಪುರಸಭೆಯಲ್ಲಿ ಕೇಳಿ. ಬೇಸಿಗೆಗೆ ಮೊದಲೇ ಕೇಳಿ, ಹರಿವು ಇಳಿದಾಗ ಅದೇ ಕೊಳಚೆ ಕಡಿಮೆ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ.