ಮೂಗಿನೊಳಗಿನ ಕಾವಲು



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ನಮಗೆ ತೆಂಗಿನಕಾಯಿ ಚೆನ್ನಾಗಿ ಗೊತ್ತು. ಕಾಯಿಗೆ ಹೊರಗೆ ಮಟ್ಟೆ ಇದೆ. ಒಳಗೆ ಚಿಪ್ಪು ಇದೆ. ಅದಕ್ಕೇ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟರೂ ಒಳಗೆ ಒಳ್ಳೆ ಕೊಬ್ಬರಿ ಆಗುತ್ತೆ. ನಮ್ಮ ಮೂಗಿಗೂ ಹೀಗೇ ಕಾವಲು ಇದೆ.

ಮಟ್ಟೆ ಸುಲಿಯುವಾಗ ಧೂಳು ಏಳುತ್ತೆ. ಉಸಿರಿನ ಜೊತೆ ಅದು ಮೂಗಿಗೆ ಹೋಗುತ್ತೆ. ರೋಗಾಣುಗಳೂ ಹೋಗುತ್ತವೆ.

ಮೊದಲ ಕಾವಲು ಮೂಗಿನ ಕೂದಲು. ಅದು ದಪ್ಪ ಧೂಳನ್ನು ತಡೆಯುತ್ತೆ.

ಎರಡನೆಯ ಕಾವಲು ಸಿಂಬಳ. ಸಿಂಬಳ ಅಂದರೆ ನಮಗೆ ಅಸಹ್ಯ. ಆದರೆ ಮೂಗಿನ ಒಳಪೊರೆಯೇ ಅದನ್ನು ಮಾಡುತ್ತೆ. ಸಣ್ಣ ಧೂಳು, ರೋಗಾಣು ಅದಕ್ಕೆ ಅಂಟಿಕೊಳ್ಳುತ್ತವೆ. ಒಳಪೊರೆಯ ಮೇಲೆ ಕಣ್ಣಿಗೆ ಕಾಣದ ಎಳೆಗಳಿವೆ. ಗಾಳಿಗೆ ರಾಗಿ ಪೈರು ಬಾಗಿದ ಹಾಗೆ ಅವು ಬಾಗಿ ಬಾಗಿ ಸಿಂಬಳವನ್ನು ಗಂಟಲಿಗೆ ದೂಡುತ್ತವೆ. ನಮಗೆ ಗೊತ್ತಾಗದೆ ಅದನ್ನು ನುಂಗುತ್ತೇವೆ. ಹೊಟ್ಟೆಯ ಹುಳಿರಸ ಬಹಳಷ್ಟು ರೋಗಾಣುಗಳನ್ನು ಕೊಲ್ಲುತ್ತೆ.

ಮೂರನೆಯ ಕಾವಲು ಸಿಂಬಳದೊಳಗೇ ಇದೆ. ಲಂಡನ್ನಿನ ವೈದ್ಯ ಅಲೆಕ್ಸಾಂಡರ್ ಫ್ಲೆಮಿಂಗ್ ನೆಗಡಿಯ ಸಿಂಬಳ ಪರೀಕ್ಷೆ ಮಾಡಿ, 1922ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಇದರ ಹೆಸರು ಲೈಸೋಜೈಮ್. ಇದು ಕೆಲವು ಬ್ಯಾಕ್ಟೀರಿಯಾಗಳ ಗೋಡೆಯನ್ನೇ ಒಡೆಯುತ್ತೆ. ಕಣ್ಣೀರಿನಲ್ಲೂ ತಾಯಿಹಾಲಿನಲ್ಲೂ ಇದು ಇದೆ.

ಇಂಥ ಕಾವಲನ್ನು ನಾವೇ ಕೆಡಿಸಬಾರದು. ಒಲೆಯ ಹೊಗೆ ಆ ಎಳೆಗಳಿಗೆ ಕೆಟ್ಟದ್ದು. ಹೊಗೆ ಹೊರಗೆ ಹೋಗಲು ದಾರಿ ಮಾಡಿ.

ಇನ್ನೊಂದು ಮಾತು. ಕೂಸಿಗೆ ನೀರು ಹಾಕುವಾಗ ಮೂಗಿಗೆ ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ನಮ್ಮ ಅಜ್ಜಿಯರು ಪ್ರೀತಿಯಿಂದಲೇ ಬಿಟ್ಟರು. ಆದರೆ ಆ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಆಗ ನ್ಯುಮೋನಿಯಾ ಆಗಬಹುದು. ಕೂಸಿನ ಜೀವಕ್ಕೇ ಅಪಾಯ. ಎಣ್ಣೆ ಮೈಗೆ ಹಚ್ಚಿ, ಮೂಗಿಗೆ ಬೇಡ.

ನೆಗಡಿ ಬರುವುದು ವೈರಸ್‌ನಿಂದ. ಆಂಟಿಬಯಾಟಿಕ್ ಮಾತ್ರೆ ವೈರಸ್ಸನ್ನು ಕೊಲ್ಲೋದಿಲ್ಲ. ಅಂಗಡಿಯಲ್ಲಿ ಕೇಳಿ ತಂದು ನುಂಗಿಸಬೇಡಿ. ಕೂಸಿಗೆ ಮೊಲೆಹಾಲು ಕೊಡುತ್ತಾ ಇರಿ. ಕೂಸು ಜೋರಾಗಿ ಏದುಸಿರು ಬಿಟ್ಟರೆ, ಉಸಿರೆಳೆಯುವಾಗ ಪಕ್ಕೆ ಒಳಗೆ ಹೋದರೆ, ಹಾಲು ಕುಡಿಯದಿದ್ದರೆ ತಡ ಮಾಡಬೇಡಿ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

"ನಾವು ಎಣ್ಣೆ ಬಿಟ್ಟೇ ಮಕ್ಕಳನ್ನು ಸಾಕಲಿಲ್ಲವೇ?" ಅಂತ ಮನೆಯಲ್ಲಿ ಅತ್ತೆ ಕೇಳಬಹುದು. ಜಗಳ ಬೇಡ. ಪಕ್ಕದಲ್ಲಿ ಕೂತು ಈ ಪಾಠವನ್ನು ಗಟ್ಟಿಯಾಗಿ ಓದಿ ಹೇಳಿ. ನಾವು ಅಕ್ಷರ ಕಲಿತದ್ದು ಇದಕ್ಕೇ ಅಲ್ಲವೇ?