ಕುರ್ಚಿಯಿಂದ ಇಳಿದವರ ಲೆಕ್ಕ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿನಿಂದಿಳಿದು ಹಳೇಬೀಡು, ಬೇಲೂರುಗಳ ಕಡೆಗೆ ಬಸ್ಸು ಹಿಡಿಯುವ ಯಾತ್ರಿಕರನ್ನು ನಾನು ಚಿಕ್ಕಂದಿನಿಂದಲೂ ನೋಡುತ್ತ ಬಂದಿದ್ದೇನೆ. ನಮ್ಮೂರಿನಲ್ಲಿಯೇ ೧೨೨೦ರ ಸುಮಾರಿನ ಸೊಗಸಾದ ಶಿವಾಲಯವೊಂದಿದೆ. ಅದನ್ನು ನೋಡಲು ನಿಲ್ಲುವವರು ಕಡಿಮೆ, ಆ ಮಾತು ಬೇರೆ. ಬೇಲೂರಿನ ಮದನಿಕೆಯರ ಮುಂದೆ ನಿಂತು, 'ಈ ಕೆಲಸಕ್ಕೆ ಎಷ್ಟು ಹೊನ್ನು ಹಿಡಿಯಿತು? ಆ ಸಾಲಿನಲ್ಲಿ ಒಕ್ಕಲಿನಿಂದ ಎಷ್ಟು ತೆರಿಗೆ ಎತ್ತಿದರು?' ಎಂದು ಒಬ್ಬರಾದರೂ ಕೇಳಿದ್ದನ್ನು ನಾನು ಕಾಣೆ. ೧೧೧೭ರಲ್ಲಿ ಅದನ್ನು ಪ್ರತಿಷ್ಠೆ ಮಾಡಿಸಿದ ವಿಷ್ಣುವರ್ಧನನು ತನ್ನ ಪ್ರಜೆಗಳಿಗೆ ಬೇಕಾದವನಾಗಿದ್ದನೋ ಬೇಡವಾದವನಾಗಿದ್ದನೋ, ಶಾಸನವನ್ನು ಕೇಳಿದರೆ ಬಿರುದಾವಳಿಯನ್ನು ಒಪ್ಪಿಸುತ್ತದೆ. ಅದನ್ನು ಬರೆಸಿದವರು ಅರಸನ ಕಡೆಯವರೇ ತಾನೆ!

ಮತ ಕೊಟ್ಟು ಆರಿಸಿದ ನಾಯಕನ ಪಾಡು ಹಾಗಲ್ಲ. ಆತ ಕುರ್ಚಿಯಲ್ಲಿರುವಾಗಲೇ ಲೆಕ್ಕ ಕೇಳುತ್ತೇವೆ. ಇಳಿಯುವ ದಿನವಂತೂ ಬಡ್ಡಿ ಸಮೇತ ಕೇಳುತ್ತೇವೆ. ನಮ್ಮ ನಾಡಿನಲ್ಲಿ ಹೀಗೆ ಇಳಿದವರೊಬ್ಬರ ವಿಷಯವನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ. ಅವರು ಕೆಂಗಲ್ ಹನುಮಂತಯ್ಯನವರು.

೧೯೫೨ರ ಮಾರ್ಚಿಯಲ್ಲಿ ಅವರು ಮೈಸೂರಿನ ಮುಖ್ಯಮಂತ್ರಿಗಳಾದರು. ೧೯೫೬ರ ಆಗಸ್ಟಿನಲ್ಲಿ ಸ್ವಪಕ್ಷದ ಶಾಸಕರ ವಿಶ್ವಾಸವನ್ನೇ ಕಳೆದುಕೊಂಡು ಇಳಿದರು. ಅವರ ಮೇಲಿದ್ದ ದೂರುಗಳಲ್ಲಿ ಎರಡು ದೊಡ್ಡವು. ಒಂದು, ವಿಧಾನಸೌಧ. ಶಂಕುಸ್ಥಾಪನೆ ಅವರಿಗೆ ಮುಂಚೆಯೇ, ೧೯೫೧ರ ಜುಲೈನಲ್ಲಿ, ನೆಹರೂ ಅವರಿಂದ ಆಗಿತ್ತು. ಅಂದು ಇದ್ದುದು ಸಾದಾ ನಕ್ಷೆ. ಹನುಮಂತಯ್ಯನವರು ಅದನ್ನು ಬದಲಾಯಿಸಿ, ಕಲ್ಲಿನಲ್ಲಿ, ದ್ರಾವಿಡ ಶೈಲಿಯಲ್ಲಿ ಎಬ್ಬಿಸಲು ಹೊರಟರು. ಸಾವಿರಾರು ಕೂಲಿಗಳು, ಶಿಲ್ಪಿಗಳು, ಸೆರೆಮನೆಯ ಕೈದಿಗಳು ಸಹ ದುಡಿದರು. ನಮ್ಮ ನೆರೆಯ ತುರುವೇಕೆರೆಯ ಕರಿಯ ಕಲ್ಲೂ ಅಲ್ಲಿಗೆ ಹೋಯಿತು. ವೆಚ್ಚವು ಒಂದೂ ಮುಕ್ಕಾಲು ಕೋಟಿ ರೂಪಾಯಿಯ ಆಸುಪಾಸಿಗೆ ಏರಿತು. ಕುಡಿಯುವ ನೀರಿನ ಬಾವಿ ಇಲ್ಲದ ಹಳ್ಳಿಗಳಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಕೇಳಿದವರು ತಪ್ಪು ಕೇಳಲಿಲ್ಲ.

ಎರಡನೆಯ ದೂರು ಏಕೀಕರಣದ್ದು. ಈಗಿನ ಹುಡುಗರಿಗೆ ಇದು ವಿಚಿತ್ರವಾಗಿ ಕಂಡೀತು. ಕನ್ನಡ ನಾಡು ಒಂದಾಗುವುದನ್ನು ಕನ್ನಡಿಗರೇ ಬೇಡವೆಂದರೇ? ಹಳೆಯ ಮೈಸೂರಿನಲ್ಲಿ ಅನೇಕರು ಬೇಡವೆಂದರು. ನಮ್ಮ ಮನೆಯಲ್ಲಿಯೇ ಅಂದರು. ನಮ್ಮ ತಂದೆಯವರು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ವಾದ ಸರಳವಾಗಿತ್ತು: ಕಟ್ಟೆ ಕಟ್ಟಿದವರು ನಾವು, ವಿದ್ಯುಚ್ಛಕ್ತಿ ನಮ್ಮದು, ಶಾಲೆಗಳು ನಮ್ಮವು, ಇದನ್ನೆಲ್ಲ ಹಿಂದುಳಿದ ಸೀಮೆಗಳೊಡನೆ ಏಕೆ ಹಂಚಿಕೊಳ್ಳಬೇಕು? ಪಾಲು ಕೇಳುವ ಅಣ್ಣತಮ್ಮಂದಿರು ಹೆಚ್ಚಿದರೆ ಮನೆ ಉಳಿಯುತ್ತದೆಯೆ? 'ಅಪ್ಪಾ, ಮಂಡಿಯ ಸರಕನ್ನು ಕೊಳ್ಳುವವರು ಹುಬ್ಬಳ್ಳಿಯ ಕಡೆಯವರಲ್ಲವೆ?' ಎಂದು ನಮ್ಮಣ್ಣ ಕೇಳಿದರೆ, 'ವ್ಯಾಪಾರ ಬೇರೆ, ಸಂಸಾರ ಬೇರೆ ಕಣೋ' ಎನ್ನುತ್ತಿದ್ದರು. ಆಗ ರೈಲು ಹರಿಹರದ ಹೊಳೆ ದಾಟಿದರೆ ಬೊಂಬಾಯಿ ಸಂಸ್ಥಾನ!

ಇನ್ನೊಂದು ಭಯವನ್ನು ಜನ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಳೆಯ ಮೈಸೂರಿನಲ್ಲಿ ಪ್ರಬಲವಾಗಿದ್ದ ಜಾತಿ ದೊಡ್ಡ ರಾಜ್ಯದಲ್ಲಿ ಅಷ್ಟು ಪ್ರಬಲವಾಗಿ ಉಳಿಯುವಂತಿರಲಿಲ್ಲ. ಹನುಮಂತಯ್ಯನವರು ಆ ಜಾತಿಯವರೇ. ವಿಶಾಲ ರಾಜ್ಯವಾದರೆ ತಮ್ಮ ಕುರ್ಚಿ ಗಟ್ಟಿಯಲ್ಲವೆಂಬುದು ಅಷ್ಟು ಚಾಣಾಕ್ಷರಾದ ವಕೀಲರಿಗೆ ತಿಳಿಯದೆ ಇರಲಾರದು. ಮೊದಮೊದಲು ಅವರೂ ಹಿಂದೆಮುಂದೆ ನೋಡಿದರೆಂದು ಹೇಳುವುದುಂಟು. ಕಡೆಗೆ ಏಕೀಕರಣದ ಪರವಾಗಿ ನಿಂತರು. ೧೯೫೬ರ ನವೆಂಬರ್ ಒಂದರಂದು ಹತ್ತು ಜಿಲ್ಲೆಗಳ ಮೈಸೂರು ಹತ್ತೊಂಬತ್ತು ಜಿಲ್ಲೆಗಳ ರಾಜ್ಯವಾದಾಗ ಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದವರು ನಿಜಲಿಂಗಪ್ಪನವರು. ಅತಿಯಾಯಿತೆಂದು ಜನ ಬೈದ ಆ ಸೌಧ ಹಿಗ್ಗಿದ ರಾಜ್ಯಕ್ಕೆ ಸರಿಹೋಯಿತು. ಮುಂದೆ ಅದೂ ಸಾಲದೆ, ೨೦೦೫ರಲ್ಲಿ ಪಕ್ಕಕ್ಕೆ ವಿಕಾಸಸೌಧ ಬಂತು.

ಇದು ನಮ್ಮಲ್ಲಿ ಮಾತ್ರವೇ ನಡೆಯುವುದಲ್ಲ. ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ನರನ್ನು ಮೆಚ್ಚುವವರು ೧೯೫೨ರ ಫೆಬ್ರವರಿಯಲ್ಲಿ ನೂರಕ್ಕೆ ಇಪ್ಪತ್ತೆರಡು ಮಂದಿ ಮಾತ್ರ ಎಂದು ಗ್ಯಾಲಪ್ ಜನಾಭಿಪ್ರಾಯ ಸಂಸ್ಥೆ ಲೆಕ್ಕ ಹಾಕಿತ್ತು. ಕೊರಿಯಾದ ಯುದ್ಧ ಮುಗಿದಿರಲಿಲ್ಲ. ಜನರ ಕಣ್ಮಣಿಯಾಗಿದ್ದ ಸೇನಾಪತಿ ಮ್ಯಾಕಾರ್ಥರನ್ನು ಅವರು ವಜಾ ಮಾಡಿದ್ದರು. ಶ್ವೇತಭವನಕ್ಕೆ ಒಂದು ಮೊಗಸಾಲೆ ಕಟ್ಟಿಸಿದ್ದಕ್ಕೂ ಬೈಗಳು ಬಿದ್ದಿದ್ದವು. ೧೯೫೩ರ ಜನವರಿಯಲ್ಲಿ ಅಧಿಕಾರ ಬಿಟ್ಟು ರೈಲು ಹತ್ತಿ ಊರಿಗೆ ಹೋದ ಆ ಮನುಷ್ಯನನ್ನು ಚರಿತ್ರಕಾರರು ಈಗ ಒಳ್ಳೆಯ ಅಧ್ಯಕ್ಷರ ಸಾಲಿನಲ್ಲಿ ಕೂರಿಸುತ್ತಾರೆ. ಹಾಗೆಂದು ಕಾಲವು ಎಲ್ಲರನ್ನೂ ತೊಳೆದು ಶುದ್ಧಮಾಡುತ್ತದೆಂದಲ್ಲ. ೧೯೭೪ರಲ್ಲಿ ರಾಜೀನಾಮೆಯಿತ್ತ ನಿಕ್ಸನ್ನರು ಚೀನದೊಡನೆ ಮಾತಿಗೆ ದಾರಿ ತೆರೆದದ್ದು ನಿಜ. ಅವರ ಹೆಸರಿಗಂಟಿದ ವಾಟರ್‌ಗೇಟ್ ಮಸಿ ಇನ್ನೂ ಹೋಗಿಲ್ಲ. ಟ್ರೂಮನ್ನರ ಅಣುಬಾಂಬಿನ ತೀರ್ಮಾನವೂ ಚರ್ಚೆಯಲ್ಲಿಯೇ ಉಳಿದಿದೆ.

ನನಗೆ ಕೌತುಕವೆನಿಸುವುದು ಇದು. ಹನುಮಂತಯ್ಯನವರನ್ನು ಇಂದು ನೆನೆಯುವವರು ವಿಧಾನಸೌಧವನ್ನು ತೋರಿಸುತ್ತಾರೆ. ಅದು ಕಣ್ಣಿಗೆ ಕಾಣುತ್ತದೆ, ಚಿತ್ರಪಟವಾಗುತ್ತದೆ. ಕುರ್ಚಿಗೇ ಕುತ್ತು ಬಂದೀತೆಂದು ತಿಳಿದೂ ಆಡಿದ ಆ ಒಪ್ಪಿಗೆಯ ಮಾತಿಗೆ ಗೋಪುರವಿಲ್ಲ. ನನ್ನನ್ನು ಕೇಳಿದರೆ ತಕ್ಕಡಿಯಲ್ಲಿ ಅದೇ ಭಾರ. ಬೀದರಿನ ಹುಡುಗನೂ ಕಾರವಾರದ ಹುಡುಗಿಯೂ ಒಂದೇ ಸರಕಾರಕ್ಕೆ ಕನ್ನಡದಲ್ಲಿ ಅರ್ಜಿ ಬರೆಯುವಾಗ ಅದರ ಹಿಂದೆ ಯಾರು ಏನು ಕಳೆದುಕೊಂಡರೆಂದು ಯೋಚಿಸುವುದಿಲ್ಲ, ಯೋಚಿಸಬೇಕಾಗಿಯೂ ಇಲ್ಲ.

ನಮ್ಮ ತಂದೆಯವರು ಕಡೆಯ ದಿನಗಳಲ್ಲಿ ಒಮ್ಮೆ ಬೆಂಗಳೂರಿಗೆ ಬಂದಿದ್ದರು. ಅಷ್ಟರಲ್ಲಿ ನಮ್ಮ ತಂಗಿಯನ್ನು ಗದಗಿನ ಮನೆತನಕ್ಕೆ ಕೊಟ್ಟಾಗಿತ್ತು. ಅಳಿಯನ ಜೋಳದ ರೊಟ್ಟಿಯೂ ಅವರಿಗೆ ಒಗ್ಗಿತ್ತು. ವಿಧಾನಸೌಧದ ಎದುರಿನ ರಸ್ತೆಯಲ್ಲಿ ನಿಲ್ಲಿಸಿ, 'ಹನುಮಂತಯ್ಯನವರು ಮಾಡಿದ್ದು ಸರಿಯೇ ತಾನೆ, ಅಪ್ಪಾ?' ಎಂದೆ. ಬಹಳ ಹೊತ್ತು ಮೆಟ್ಟಿಲುಗಳನ್ನೇ ನೋಡಿದರು. 'ಒಂದಾದದ್ದು ಆಯಿತು, ಒಳ್ಳೆಯದೇ ಆಯಿತು. ಆದರೆ ಒಳಗೆ ಆ ಶ್ರೀಗಂಧದ ಬಾಗಿಲು ಬೇಕಾಗಿತ್ತೇನೋ? ತೇಗದ್ದು ಸಾಕಾಗುತ್ತಿತ್ತು' ಎಂದರು.