ಕೂಸಿನ ಡೈಪರ್ ರ‍್ಯಾಶ್: ಎಣ್ಣೆ ಯಾವಾಗ ಸಾಕು, ಯಾವಾಗ ಸಾಲದು?

ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಫೋನು ಹಿಡ್ಕೊಂಡು, ರಾತ್ರಿ ಎರಡು ಗಂಟೆಗೆ ‘ಡೈಪರ್ ರ‍್ಯಾಶ್‌ಗೆ ಮನೆಮದ್ದು’ ಅಂತ ಹುಡುಕ್ತಾ ಇರೋ ಅಪ್ಪ-ಅಮ್ಮಂದಿರಿಗೆ ಇವತ್ತಿನ ಸಂಚಿಕೆ. ಇಯರ್‌ಫೋನ್ ಒಂದೇ ಕಿವಿಗೆ ಹಾಕ್ಕೊಳ್ಳಿ, ಇನ್ನೊಂದು ಕಿವಿ ತೊಟ್ಟಿಲ ಕಡೆ ಇರ್ಲಿ.

ವಿಷಯ ಗೋಕಾಕ ಫಾಲ್ಸ್‌ನಿಂದ ಶುರು ಮಾಡ್ತೀನಿ, ಅದಕ್ಕೊಂದು ಕಾರಣ ಇದೆ. ಜುಲೈ-ಆಗಸ್ಟ್‌ನಲ್ಲಿ ಘಟಪ್ರಭಾ ತುಂಬಿ, ಸುಮಾರು 52 ಮೀಟರ್ ಎತ್ತರದಿಂದ ಕೆಂಪು ನೀರು ಧುಮುಕುವಾಗ ಎಲ್ಲೆಲ್ಲಿಂದಲೋ ಜನ ಬರ್ತಾರೆ. ತೂಗುಸೇತುವೆ ಹತ್ರ ರೀಲ್ಸ್ ಮಾಡ್ತಾರೆ, ಹೋಗ್ತಾ ಕರದಂಟು ಕಟ್ಟಿಸ್ಕೊಂಡು ಹೋಗ್ತಾರೆ. ಆದರೆ ಇಲ್ಲೇ ಇರೋ ಬಾಣಂತಿ ಮನೆಗಳಲ್ಲಿ ಅದೇ ತಿಂಗಳಲ್ಲಿ ಬೇರೆ ಚಿಂತೆ. ಕೂಸಿನ ಅರಿವಿ ಒಣಗೋದಿಲ್ಲ. ಹಗ್ಗದ ಮೇಲೆ ಎರಡು ದಿನ ಬಿಟ್ಟರೂ ಲಂಗೋಟಿ ಮುಟ್ಟಿದ್ರೆ ತಣ್ಣಗೆ. 2019ರ ಆಗಸ್ಟ್‌ನಲ್ಲಂತೂ ನದಿ ಗೋಕಾಕ ಪಟ್ಟಣದೊಳಗೇ ನುಗ್ಗಿತ್ತು, ಒಣ ಅರಿವಿ ಅನ್ನೋದೇ ದೊಡ್ಡ ಆಸ್ತಿ ಆಗಿದ್ದ ದಿನಗಳು ಅವು. ಇಂಥ ಮಳೆಗಾಲದಲ್ಲೇ ಅರೆಒಣಗಿದ ಲಂಗೋಟಿ ಮತ್ತೆ ಕಟ್ಟೋದು, ಇಲ್ಲಾಂದ್ರೆ ಅಂಗಡಿ ಡೈಪರ್ ಹಾಕಿ ‘ಇನ್ನೂ ತುಂಬಿಲ್ಲ’ ಅಂತ ಇಡೀ ರಾತ್ರಿ ಬಿಡೋದು ಜಾಸ್ತಿ ಆಗುತ್ತೆ. ಎರಡರ ಫಲವೂ ಒಂದೇ. ಬೆಳಗ್ಗೆ ಬಿಚ್ಚಿ ನೋಡಿದ್ರೆ ಕೂಸಿನ ಕುಂಡಿ ಕೆಂಡದ ಬಣ್ಣ.

ಆಮೇಲೆ ಶುರುವಾಗುತ್ತೆ ಎಣ್ಣೆ ಜಗಳ. ‘ಕೊಬ್ಬರಿ ಎಣ್ಣಿ ಹಚ್ಚ್ರಿ, ಹೋಗ್ತೈತಿ’ ಅಂತ ಆಯಿ. ಔಡಲ ಎಣ್ಣೆ ತಂಪು ಅಂತ ಇನ್ನೊಬ್ಬರು. ಬೇವಿನ ಎಣ್ಣೆ ಹಚ್ಚಿದ್ರೆ ಕ್ರಿಮಿ ಸಾಯ್ತವೆ ಅಂತ ಪಕ್ಕದ ಮನೆಯವರು. ಪುಣೆಯಲ್ಲಿರೋ ಕಾಕಾನ ಮಗಳು ವಾಟ್ಸ್‌ಆ್ಯಪ್‌ನಲ್ಲಿ ಆಲಿವ್ ಆಯಿಲ್ ಫೋಟೋ ಕಳಿಸಿರ್ತಾಳೆ. ಯಾರ ಮಾತು ಕೇಳಬೇಕು?

ಅದಕ್ಕೂ ಮೊದಲು ಆ ಕೆಂಪು ಯಾಕೆ ಬರುತ್ತೆ ಅಂತ ತಿಳ್ಕೊಂಡ್ರೆ ಅರ್ಧ ಜಗಳ ತಾನೇ ಮುಗಿಯುತ್ತೆ. ನಮ್ಮ ಚರ್ಮದ ಮೇಲ್ಪದರವನ್ನ ಇಟ್ಟಿಗೆ ಗೋಡೆ ಅಂದ್ಕೊಳ್ಳಿ. ಸತ್ತ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬು ಗಾರೆ. ಕೂಸಿನ ಗೋಡೆ ದೊಡ್ಡವರದಕ್ಕಿಂತ ತೆಳು. ಒದ್ದೆಯಲ್ಲೇ ಇದ್ದರೆ ಅದು ನೆನೆದು ಮೆತ್ತಗಾಗುತ್ತೆ, ಮೆತ್ತಗಾದ ಮೇಲೆ ಅರಿವಿ ಉಜ್ಜಿದ್ರೂ ಸಾಕು, ಕೀಳುತ್ತೆ. ಮೂತ್ರದಲ್ಲಿರೋ ಯೂರಿಯಾವನ್ನ ಮಲದ ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡ್ತವೆ, ಮುಂಜಾನೆ ಡೈಪರ್ ಬಿಚ್ಚಿದಾಗ ಮೂಗಿಗೆ ಹೊಡೆಯೋದು ಅದೇ ವಾಸನೆ. ಅಮೋನಿಯಾದಿಂದ ಚರ್ಮದ ಸಹಜ ಆಮ್ಲೀಯತೆ ಹೋಗಿ ಪಿಎಚ್ ಏರುತ್ತೆ. ಪಿಎಚ್ ಏರಿದ ತಕ್ಷಣ ಮಲದಲ್ಲಿರೋ ಜೀರ್ಣರಸದ ಕಿಣ್ವಗಳು ಚುರುಕಾಗ್ತವೆ. ಹೊಟ್ಟೆಯೊಳಗೆ ಅನ್ನ ಕರಗಿಸಬೇಕಾದ ಕಿಣ್ವ ಹೊರಗೆ ಕೂಸಿನ ಚರ್ಮವನ್ನೇ ಕರಗಿಸೋಕೆ ಶುರು ಮಾಡುತ್ತೆ. ಅದಕ್ಕೇ ಭೇದಿ ಆದಾಗ ರ‍್ಯಾಶ್ ಜೋರು. ಎದೆಹಾಲು ಕುಡಿಯೋ ಕೂಸುಗಳ ಮಲದಲ್ಲಿ ಈ ಕಿಣ್ವಗಳ ಆಟ ಕಡಿಮೆ. ಮೇಲಿನ ಆಹಾರ ಶುರುವಾಗಿ 9ರಿಂದ 12 ತಿಂಗಳ ಹೊತ್ತಿಗೆ ಈ ತೊಂದರೆ ಹೆಚ್ಚು ಕಾಣಿಸ್ಕೊಳ್ಳುತ್ತೆ.

ಅಂದ್ರೆ ಶತ್ರು ಕ್ರಿಮಿಗಿಂತ ಮೊದಲು ಒದ್ದೆ. ಎಣ್ಣೆ ಇಲ್ಲಿ ಮಾಡೋ ಕೆಲಸ ರೇನ್‌ಕೋಟ್‌ದು. ಒಣ ಮೈಮೇಲೆ ರೇನ್‌ಕೋಟ್ ಹಾಕಿದ್ರೆ ಮಳೆ ತಾಗೋದಿಲ್ಲ. ತೊಯ್ದ ಮೈಮೇಲೆ ಹಾಕಿದ್ರೆ? ಒದ್ದೆ ಒಳಗೇ ಉಳಿಯುತ್ತೆ. ಎಷ್ಟೋ ಮನೆಯಲ್ಲಿ ಎಣ್ಣೆ ಕೆಲಸ ಮಾಡ್ಲಿಲ್ಲ ಅನ್ನೋದಕ್ಕೆ ಕಾರಣ ಎಣ್ಣೆ ಅಲ್ಲ, ಒರೆಸಿದ ಕೂಡಲೇ ಹಸಿ ಚರ್ಮದ ಮೇಲೆ ಎಣ್ಣೆ ಸುರಿದು ಡೈಪರ್ ಬಿಗಿದಿದ್ದು. ಬರೀ ನೀರಲ್ಲಿ ತೊಳೀರಿ, ಮೆತ್ತನೆ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ, ಉಜ್ಜಬೇಡಿ. ಹತ್ತು-ಹದಿನೈದು ನಿಮಿಷ ಹಾಗೇ ಬಿಡಿ, ಕೌದಿ ಮೇಲೆ ಕಾಲಾಡಿಸ್ಕೊಂಡು ಬಿದ್ದಿರ್ಲಿ. ಕೌದಿ ಹಾಳಾದ್ರೆ ಒಗೀಬಹುದು. ಆಮೇಲೆ ತೆಳುವಾಗಿ ಎಣ್ಣೆ. ಎರಡು-ಮೂರು ಗಂಟೆಗೊಮ್ಮೆ ಬದಲಾವಣೆ, ಮಲ ಮಾಡಿದ್ರೆ ಆ ಕ್ಷಣ.

ಈಗ ಒಂದೊಂದೇ ಎಣ್ಣೆ.

ಕೊಬ್ಬರಿ ಎಣ್ಣೆ ವಿಷಯದಲ್ಲಿ ಆಯಿ ಮಾತಿಗೆ ನನ್ನ ಓಟು. ಇದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆ್ಯಸಿಡ್, ಚರ್ಮಕ್ಕೆ ಉರಿ ಮಾಡೋದು ಕಡಿಮೆ. ಇಸಬು ಇರೋ 117 ಮಕ್ಕಳ ಮೇಲೆ ಫಿಲಿಪ್ಪೀನ್ಸ್‌ನಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ವರ್ಜಿನ್ ಕೊಬ್ಬರಿ ಎಣ್ಣೆ ಮಿನರಲ್ ಆಯಿಲ್‌ಗಿಂತ ಚೆನ್ನಾಗಿ ಕೆಲಸ ಮಾಡ್ತು. ಅದು ಇಸಬು, ಡೈಪರ್ ರ‍್ಯಾಶ್ ಅಲ್ಲ, ಆ ವ್ಯತ್ಯಾಸ ನೆನಪಿರಲಿ. ಆದರೂ ಸಣ್ಣ ಕೆಂಪಿಗೆ, ಚರ್ಮ ಒಡೆಯದಿದ್ದಾಗ, ಬೇರೇನೂ ಬೆರೆಸದ ಕೊಬ್ಬರಿ ಎಣ್ಣೆ ಒಳ್ಳೆ ಆಯ್ಕೆ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಬಾಟಲಿಯಲ್ಲೇ ಗಟ್ಟಿ ಆಗುತ್ತಲ್ಲ, ಸುಮಾರು 24 ಡಿಗ್ರಿ ಕೆಳಗೆ ಅದರ ಗುಣವೇ ಅದು. ಒಲೆ ಮೇಲೆ ಕಾಯಿಸಬೇಡಿ, ಅಂಗೈಯಲ್ಲಿ ತಿಕ್ಕಿದ್ರೆ ಕರಗುತ್ತೆ.

ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಅದರಲ್ಲಿ ಕರ್ಪೂರ ಹಾಕಿದ್ದೀರಾ? ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ನೆಗಡಿಗೆ, ಮೈಗೆ ಹಚ್ಚೋ ರೂಢಿ ತುಂಬಾ ಮನೆಗಳಲ್ಲಿದೆ. ಅದೇ ಬಾಟಲಿ ಕೂಸಿನ ರ‍್ಯಾಶ್‌ಗೂ ಬರುತ್ತೆ. ಕರ್ಪೂರ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತೆ, ಕೆಂಪಾಗಿ ಕಿತ್ತ ಚರ್ಮದಲ್ಲಿ ಇನ್ನೂ ಬೇಗ, ಮೇಲಿಂದ ಡೈಪರ್ ಮುಚ್ಚಿದ್ರೆ ಇನ್ನೂ ಜಾಸ್ತಿ. ಸಣ್ಣ ಮಕ್ಕಳಿಗೆ ಅದು ಫಿಟ್ಸ್ ತರಬಲ್ಲದು. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಮನೆಬಳಕೆ ಕರ್ಪೂರದಿಂದ ಮೂರು ಮಕ್ಕಳಿಗೆ ಫಿಟ್ಸ್ ಬಂದದ್ದನ್ನ ಅಲ್ಲಿನ ವೈದ್ಯರು 2009ರಲ್ಲಿ ವರದಿ ಮಾಡಿದ್ರು. ದೇವರ ಮುಂದೆ ಹಚ್ಚೋದು ದೇವರ ಮುಂದೇ ಇರ್ಲಿ.

ಔಡಲ ಎಣ್ಣೆ ದಪ್ಪ, ಅಂಟು, ನೀರು ತಡೆಯೋ ಶಕ್ತಿ ಚೆನ್ನಾಗಿದೆ. ಇದು ಬರೀ ಹಳ್ಳಿ ಮದ್ದಲ್ಲ. ಬ್ರಿಟಿಷ್ ಫಾರ್ಮಾಕೋಪಿಯಾದಲ್ಲಿ ‘ಜಿಂಕ್ ಅಂಡ್ ಕ್ಯಾಸ್ಟರ್ ಆಯಿಲ್’ ಮುಲಾಮು ಅಂತಲೇ ಇದೆ. ಅದರಲ್ಲಿ ಅರ್ಧದಷ್ಟು ಔಡಲ ಎಣ್ಣೆ, ಶೇಕಡಾ 7.5 ಜಿಂಕ್ ಆಕ್ಸೈಡ್. ಅಲ್ಲಿನ ತಾಯಂದಿರು ತಲೆಮಾರುಗಳಿಂದ ಕೂಸಿನ ಕುಂಡಿಗೆ ಹಚ್ತಾ ಬಂದದ್ದು ಅದನ್ನೇ. ನಮ್ಮ ಆಯಿ ಹೇಳಿದ್ರೆ ಮೂಢನಂಬಿಕೆ, ಟ್ಯೂಬಿನಲ್ಲಿ ಬಂದ್ರೆ ಔಷಧಿ ಅನ್ನೋ ನಮ್ಮ ಬುದ್ಧಿಗೆ ಏನು ಹೇಳೋಣ!

ಆ ಮುಲಾಮಿನಲ್ಲಿ ಇನ್ನೊಂದು ಪದಾರ್ಥವೂ ಇದೆ: ಅರಾಕಿಸ್ ಆಯಿಲ್. ಅದು ಬೇರೇನಲ್ಲ, ಶೇಂಗಾ ಎಣ್ಣೆ. ನಮ್ಮ ಬೆಳಗಾವಿ ಸೀಮೆಯಲ್ಲಿ ಅಡುಗೆಮನೆಯಲ್ಲಿ ಕೈಗೆ ಮೊದಲು ಸಿಗೋದು ಅದೇ, ಹಾಗಾಗಿ ಕೂಸಿಗೂ ಹೋಗುತ್ತೆ. ಇಲ್ಲಿ ಸ್ವಲ್ಪ ನಿಲ್ಲಿ. ಬ್ರಿಟನ್‌ನಲ್ಲಿ ಸುಮಾರು 14,000 ಮಕ್ಕಳನ್ನ ಹಿಂಬಾಲಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯ್ತು. ಉರಿಯೂತ ಇದ್ದ ಚರ್ಮಕ್ಕೆ ಶೇಂಗಾ ಎಣ್ಣೆ ಇರೋ ಕ್ರೀಮು ಹಚ್ಚಿಸ್ಕೊಂಡ ಮಕ್ಕಳಿಗೂ ಮುಂದೆ ಬಂದ ಶೇಂಗಾ ಅಲರ್ಜಿಗೂ ಸಂಬಂಧ ಕಾಣಿಸ್ತು. ಶೇಂಗಾ ಬಾಯಿಂದ ಹೋದ್ರೆ ದೇಹ ಅದನ್ನ ಊಟ ಅಂತ ಕಲಿಯುತ್ತೆ, ಒಡೆದ ಚರ್ಮದಿಂದ ಹೋದ್ರೆ ವೈರಿ ಅಂತ ಕಲಿಯಬಹುದು ಅನ್ನೋದು ಇದರ ಹಿಂದಿನ ಲೆಕ್ಕ. ಗಾಣದ ಎಣ್ಣೆಯಲ್ಲಿ ರಿಫೈನ್ಡ್‌ಗಿಂತ ಶೇಂಗಾ ಪ್ರೋಟೀನ್ ಹೆಚ್ಚು ಉಳಿದಿರುತ್ತೆ. ಗಾಣದ ಶೇಂಗಾ ಎಣ್ಣೆ ಪಲ್ಯಕ್ಕೆ ಹಾಕಿ, ರುಚಿಗೆ ಸಾಟಿ ಇಲ್ಲ. ಕೂಸಿನ ಗಾಯಕ್ಕೆ ಬೇಡ.

ಸೂರ್ಯಕಾಂತಿ, ಕುಸುಬಿ ಎಣ್ಣೆ. ಇವುಗಳಲ್ಲಿ ಸಾಮಾನ್ಯವಾಗಿ ಲಿನೋಲಿಕ್ ಆ್ಯಸಿಡ್ ಜಾಸ್ತಿ, ಆ ‘ಗಾರೆ’ಗೆ ಬೇಕಾದ ಸಾಮಾನು ಅದೇ. ಢಾಕಾದ ಶಿಶು ಆಸ್ಪತ್ರೆಯಲ್ಲಿ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಮೈಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಆಸ್ಪತ್ರೆಯಲ್ಲಿ ತಗಲೋ ಸೋಂಕು ಶೇಕಡಾ 41ರಷ್ಟು ಕಡಿಮೆ ಆಯ್ತು ಅಂತ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹಾಗಂತ ಕುಣಿಯೋ ಹಾಗಿಲ್ಲ. ಮ್ಯಾಂಚೆಸ್ಟರ್‌ನಲ್ಲಿ 115 ನವಜಾತ ಶಿಶುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆಲಿವ್, ಸೂರ್ಯಕಾಂತಿ ಎರಡೂ ಚರ್ಮದ ಕೊಬ್ಬಿನ ಪದರ ಸರಿಯಾಗಿ ಬೆಳೆಯೋದನ್ನ ತಡೆದಂತೆ ಕಂಡ್ವು. ಅದಕ್ಕೇ ಹುಟ್ಟಿದ ಮೊದಲ ತಿಂಗಳಲ್ಲಿ ಚರ್ಮ ಚೆನ್ನಾಗಿದ್ರೆ ಸುಮ್ಮನೆ ಎಣ್ಣೆ ಹಚ್ಚೋ ಅವಸರ ಬೇಡ ಅನ್ನೋದು ನನ್ನ ಅಭಿಪ್ರಾಯ. ಆಲಿವ್ ಆಯಿಲ್‌ನಲ್ಲಿ ಒಲೇಯಿಕ್ ಆ್ಯಸಿಡ್ ಹೆಚ್ಚು, ಅದು ಗಾರೆಯನ್ನ ಸಡಿಲ ಮಾಡುತ್ತೆ. ದುಬಾರಿ ಬಾಟಲಿ ಅನ್ನೋ ಕಾರಣಕ್ಕೆ ಕೂಸಿಗೆ ಒಳ್ಳೇದಾಗಬೇಕಂತಿಲ್ಲ. ಪುಣೆ ಅಕ್ಕ ಬೇಜಾರು ಮಾಡ್ಕೋಬಾರದು.

ಬೇವಿನ ಎಣ್ಣೆ ಬೇಡ. ಕಿತ್ತ ಚರ್ಮಕ್ಕೆ ಉರಿ, ಆ ಉರಿಗೆ ಕೂಸು ಕೈ ಹಾಕುತ್ತೆ, ಆ ಕೈ ಬಾಯಿಗೆ ಹೋಗುತ್ತೆ. ಬೇವಿನ ಎಣ್ಣೆ ಕುಡಿಸಿದ ಶಿಶುಗಳಲ್ಲಿ ಮೆದುಳು, ಲಿವರ್‌ಗೆ ಗಂಭೀರ ಹಾನಿ ಆಗಿದ್ದನ್ನ ಮಲೇಷ್ಯಾದ ವೈದ್ಯರು 1981ರಲ್ಲೇ ಬರೆದಿದ್ದಾರೆ. ನೀಲಗಿರಿ, ಟೀ ಟ್ರೀ ಥರದ ಘಾಟು ಎಣ್ಣೆಗಳೂ ಇದೇ ಸಾಲಿಗೆ.

ಇನ್ನು, ಎಣ್ಣೆ ಯಾವುದೇ ಆಗಿರ್ಲಿ, ಅದು ಸಾಲದ ರ‍್ಯಾಶ್ ಒಂದಿದೆ. ಫೋನ್ ಟಾರ್ಚ್ ಹಾಕಿ ನೋಡಿ. ಒದ್ದೆಯಿಂದ ಬಂದ ಕೆಂಪು ಉಬ್ಬಿದ ಭಾಗದ ಮೇಲಿರುತ್ತೆ, ತೊಡೆ ಸಂದಿನ ಮಡಿಕೆ ಒಳಗೆ ಸಾಮಾನ್ಯವಾಗಿ ಬಿಳೀನೇ ಇರುತ್ತೆ. ಮಡಿಕೆ ಒಳಗೂ ಗಾಢ ಕೆಂಪಾಗಿ, ಅಂಚಿನ ಆಚೆ ಸಣ್ಣ ಸಣ್ಣ ಕೆಂಪು ಚುಕ್ಕೆ ಚೆದುರಿದ್ರೆ ಅದು ಕ್ಯಾಂಡಿಡಾ ಅನ್ನೋ ಶಿಲೀಂಧ್ರ ಇರಬಹುದು. ಆ್ಯಂಟಿಬಯೋಟಿಕ್ ಕೊಟ್ಟ ವಾರದಲ್ಲಿ ಇದು ಜಾಸ್ತಿ. ಇದಕ್ಕೆ ಶಿಲೀಂಧ್ರ ಕೊಲ್ಲೋ ಮುಲಾಮೇ ಬೇಕು. ಮನೆಯವರು ಕೊಬ್ಬರಿಯೋ ಔಡಲವೋ ಅಂತ ವಾದ ಮಾಡ್ತಾ ಕೂತ ನಾಲ್ಕು ದಿನದಲ್ಲಿ ಅದು ಹೊಟ್ಟೆ ತನಕ ಹಬ್ಬಿರುತ್ತೆ.

ಹಾಗಂತ ನೇರ ಮೆಡಿಕಲ್ ಶಾಪಿಗೆ ಹೋಗಿ ‘ಒಂದು ಟ್ಯೂಬ್ ಕೊಡ್ರಿ’ ಅನ್ನಬೇಡಿ. ಅಲ್ಲಿ ಸಿಗಬಹುದಾದ ಮಿಕ್ಸ್ ಕ್ರೀಮುಗಳಲ್ಲಿ ಶಿಲೀಂಧ್ರದ ಮದ್ದಿನ ಜೊತೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಥರದ ಜೋರು ಸ್ಟೀರಾಯ್ಡ್ ಇರುತ್ತೆ. ಎರಡು ದಿನದಲ್ಲಿ ಕೆಂಪು ಮಾಯ, ಅಂಗಡಿಯವರಿಗೆ ಒಳ್ಳೆ ಹೆಸರು. ಆದರೆ ಡೈಪರ್ ಒಳಗೆ ಆ ಸ್ಟೀರಾಯ್ಡ್ ಹೆಚ್ಚು ಹೀರಿಕೆ ಆಗುತ್ತೆ, ಚರ್ಮ ಇನ್ನೂ ತೆಳುವಾಗುತ್ತೆ, ವಾರಗಟ್ಟಲೆ ಹಚ್ಚಿದ್ರೆ ದೇಹದ ಹಾರ್ಮೋನೇ ಏರುಪೇರು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ಚೀಟಿ ಇಲ್ಲದೆ ಬೇಕಾದ್ರೆ ಸ್ಟೀರಾಯ್ಡ್ ಇಲ್ಲದ ಬರೀ ಜಿಂಕ್ ಆಕ್ಸೈಡ್ ಕ್ರೀಮು ಕೇಳಿ, ಪದಾರ್ಥಗಳ ಪಟ್ಟಿ ಓದಿ ತಗೊಳ್ಳಿ. ಎಣ್ಣೆಗಿಂತ ಗಟ್ಟಿ ಗೋಡೆ ಅದು.

ಪೌಡರ್ ಬಗ್ಗೆ ಒಂದೇ ಮಾತು: ಮೂಗಿಗೆ ಹೋಗುತ್ತೆ, ಬೇಡ.

ಡಾಕ್ಟರ್ ಹತ್ರ ಯಾವಾಗ? ಎರಡು-ಮೂರು ದಿನ ಒಣಗಿಸಿ, ಎಣ್ಣೆ ಅಥವಾ ಜಿಂಕ್ ಹಚ್ಚಿದ್ರೂ ಕಡಿಮೆ ಆಗದಿದ್ರೆ. ನೀರುಗುಳ್ಳೆ, ಕೀವು, ರಕ್ತ, ಜ್ವರ ಕಂಡ್ರೆ ಅವತ್ತೇ. ಕೂಸಿಗೆ ಇನ್ನೂ ಒಂದು ತಿಂಗಳು ತುಂಬಿಲ್ಲ ಅಂದ್ರೂ ಅವತ್ತೇ. ಕುಂಡಿ ಜೊತೆಗೆ ಬಾಯಿ ಸುತ್ತ, ಬೆರಳ ಸುತ್ತಲೂ ಕೆಂಪು ಬಂದು ಭೇದಿ ನಿಲ್ತಾ ಇಲ್ಲ ಅಂದ್ರೆ ದೇಹದಲ್ಲಿ ಜಿಂಕ್ ಕೊರತೆ ಇರಬಹುದು, ಅದನ್ನ ಯಾವ ಎಣ್ಣೆಯೂ ಮುಟ್ಟೋದಿಲ್ಲ.

ಹೋಗುವಾಗ ಮನೆಯಲ್ಲಿ ಹಚ್ಚಿದ ಎಣ್ಣೆ ಬಾಟಲಿ, ಟ್ಯೂಬು ಎಲ್ಲಾ ಚೀಲದಲ್ಲಿ ಹಾಕ್ಕೊಂಡು ಹೋಗಿ. ಮೊದಲ ದಿನದಿಂದ ದಿನಕ್ಕೊಂದು ಫೋಟೋ ತೆಗೆದಿಟ್ಟಿದ್ರೆ ಅದನ್ನೂ ತೋರಿಸಿ. ಬೈತಾರೆ ಅಂತ ಆಯಿ ಹಚ್ಚಿದ್ದನ್ನ ಮುಚ್ಚಿಡಬೇಡಿ. ಆಯಿನೂ ಕರ್ಕೊಂಡೇ ಹೋಗಿ, ಯಾವ ದಿನ ಏನು ಹಚ್ಚಿದ್ವಿ ಅಂತ ಸರಿಯಾಗಿ ನೆನಪಿರೋದು ಅವರಿಗೇ.